ಮೈಲಿ ರುದ್ರಪ್ಪನವರ ಗೇರಿನ ಸೈಕಲ್ಲು

ರುದ್ರಪ್ಪನವರು ಅಂಗಿಯ ತೋಳು ಮಡಿಸಿದರೆ ಹೊಸಬರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಎಡಗೈಯಲ್ಲಿ ಮೊಣಕೈಯಿಂದ ಭುಜದವರೆಗೆ ನಾಣ್ಯ ಕಾಯಿಸಿ ಒತ್ತಿದ ಹಾಗೆ ದುಂಡು ದುಂಡು ಕಲೆಗಳು. ಒಂದರ ಮೇಲೊಂದು ಹತ್ತಿಕೊಂಡು ಕೆಲವು ಕಡೆ ಚರ್ಮದ ಬಣ್ಣವೇ ಬೇರೆಯಾಗಿತ್ತು. ಯಾವ ರೋಗವೂ ಅಲ್ಲ. ಅವರು ಊರೂರು ತಿರುಗಿ ಸಿಡುಬಿನ ಲಸಿಕೆ ಹಾಕುವ ಸರ್ಕಾರಿ ನೌಕರರು. ಯಾವ ಹಳ್ಳಿಯಲ್ಲಿ ಜನ ಹೆದರಿ ಬಾಗಿಲು ಹಾಕಿಕೊಂಡರೂ ಅವರು ಕಟ್ಟೆಯ ಮೇಲೆ ಕೂತು, ಲಸಿಕೆ ಹಾಕುವ, ಮುಳ್ಳುಗಳಿದ್ದ ಸಣ್ಣ ಬಿಲ್ಲೆಯನ್ನು ಮೊದಲು ತಮ್ಮ ತೋಳಿಗೇ ಒತ್ತಿ ತಿರುಗಿಸಿಕೊಳ್ಳುತ್ತಿದ್ದರು. ಆಮೇಲೆ ಸುತ್ತ ನೋಡಿ, "ಸತ್ನೇನ್ರಿ? ಇಲ್ಲಲ್ಲ? ಮತ್ತ ಬರ್ರಿ," ಎನ್ನುತ್ತಿದ್ದರು.

ನಮ್ಮ ಕಡೆ ಸಿಡುಬಿನ ಲಸಿಕೆಗೆ ಮೈಲಿ ಹಾಕುವುದು ಎನ್ನುತ್ತಾರೆ. ಹಾಗಾಗಿ ಅವರು ಮೈಲಿ ರುದ್ರಪ್ಪ. ದಿನಾ ಅಷ್ಟೊಂದು ಮೈಲಿ ಸೈಕಲ್ ತುಳಿಯುವುದಕ್ಕೆ ಆ ಹೆಸರು ಬಂತೆಂದು ತಿಳಿದವರೂ ಇದ್ದರು. ಅವರು ಯಾರನ್ನೂ ತಿದ್ದಲು ಹೋಗುತ್ತಿರಲಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳವು. ನಮ್ಮ ಅಬ್ಬಾ ತೀರಿಕೊಂಡ ಮೇಲೆ ಶಿರಾಳಕೊಪ್ಪದ ಸೈಕಲ್ ಅಂಗಡಿಯನ್ನು ನಾನೇ ನಡೆಸುತ್ತಿದ್ದೆ. ಬಸ್ಸು ನಿಲ್ಲುವ ಜಾಗದ ಎದುರಿಗೇ ಅಂಗಡಿ. ರುದ್ರಪ್ಪನವರು ಮೂಲತಃ ಶಿಕಾರಿಪುರದವರು, ಕೆಲಸ ಸೊರಬದಲ್ಲಿ. ಎರಡೂ ಊರಿನ ನಡುವೆ ನಮ್ಮ ಊರು. ಸಂತೆಯ ದಿನ ಬಂದರೆ ಸೈಕಲ್ಲಿಗೆ ಎಣ್ಣೆ ಹಾಕಿಸಿಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಆದರೂ ನನ್ನನ್ನು 'ಸಾಬ್ರೆ' ಎಂದೇ ಕರೆಯುತ್ತಿದ್ದರು. "ಅಣ್ಣಾ, ದಾದಾಪೀರ್ ಅನ್ರಿ ಸಾಕು," ಎಂದರೆ, "ಅಂಗಡಿ ಬೋರ್ಡು ನಿಮ್ದು. ಅಂಗಡ್ಯಾಗ ಕುಂತವ್ರು ಸಾಬ್ರೇ," ಎನ್ನುತ್ತಿದ್ದರು.

ಒಂದು ಸುಗ್ಗಿಯಲ್ಲಿ ಅವರು ಬರುವುದು ನಿಂತಿತು. ಬಳ್ಳಿಗಾವಿ ಕಡೆಯಿಂದ ವಾಪಸ್ಸು ಬರುವಾಗ ಎದುರಿಗೆ ಬಂದ ಭತ್ತದ ಗಾಡಿಯ ಎತ್ತುಗಳು ಬೆದರಿ ಅಡ್ಡ ತಿರುಗಿದವಂತೆ. ಇವರು ಸೈಕಲ್ ಸಮೇತ ಬಿದ್ದರು. ತುಂಬಿದ ಗಾಡಿಯ ಚಕ್ರ ಎಡಮೊಣಕಾಲಿನ ಮೇಲೆ ಹಾದುಹೋಯಿತು. ಬಹಳ ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಕಟ್ಟು ಬಿಚ್ಚಿದಾಗ ಮೂಳೆ ಕೂಡಿತ್ತು, ಆದರೆ ಮೊಣಕಾಲು ಮಡಿಸಲು ಬರುತ್ತಿರಲಿಲ್ಲ. ಎಷ್ಟು ಒತ್ತಿದರೂ ಸ್ವಲ್ಪ ಬಗ್ಗಿ ನಿಂತುಬಿಡುತ್ತಿತ್ತು.

ಮತ್ತೆ ನನ್ನ ಅಂಗಡಿಗೆ ಬಂದದ್ದು ಶಿಕಾರಿಪುರದ ಬಸ್ಸಿನಲ್ಲಿ. ಜೊತೆಗೆ ಹೆಂಡತಿ ಗೌರಮ್ಮ ಇದ್ದರು. ಕಂಡಕ್ಟರ್ ಬಸ್ಸಿನ ಮೇಲಿಂದ ಒಂದು ಸೈಕಲ್ಲನ್ನು ಹಗ್ಗ ಕಟ್ಟಿ ಇಳಿಸಿದ. ಅಂಥದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ತೆಳ್ಳಗಿನ ಚೌಕಟ್ಟು, ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಮಡ್‌ಗಾರ್ಡಿಲ್ಲ, ಕ್ಯಾರಿಯರ್ ಇಲ್ಲ. ಹಿಂದಿನ ಚಕ್ರದಲ್ಲಿ ಒಂದರ ಪಕ್ಕ ಒಂದು ಮೂರು ಹಲ್ಲುಗಾಲಿಗಳು. ಎಲ್ಲದರ ಮೇಲೂ ತುಕ್ಕು, ತುಕ್ಕಿನ ಮೇಲೆ ಜೇಡರ ಬಲೆ. ಎರಡನೇ ಮಹಾಯುದ್ಧಕ್ಕೂ ಮುಂಚೆ ಕುಂಸಿ ಕಡೆಯ ಗಣಿಯಲ್ಲಿದ್ದ ಒಬ್ಬ ಇಂಗ್ಲಿಷ್ ಎಂಜಿನಿಯರು ಊರಿಗೆ ಹೋಗುವಾಗ ಅದನ್ನು ಶಿಕಾರಿಪುರದಲ್ಲಿದ್ದ ಗೌರಮ್ಮನ ಸೋದರಮಾವನ ವ್ಯಾಪಾರದ ಮಂಡಿಯಲ್ಲಿ ಬಿಟ್ಟುಹೋಗಿದ್ದನಂತೆ. ಅಂದಿನಿಂದ ಅಟ್ಟದ ತೊಲೆಗೆ ನೇತಾಡಿಕೊಂಡಿತ್ತು. ಕೇಳಿದ ಕೂಡಲೇ ಆ ಮಾವ ಇಳಿಸಿ ಕೊಟ್ಟಿದ್ದರು.

ರುದ್ರಪ್ಪನವರು ಬೆಂಚಿನ ಮೇಲೆ ಕಾಲು ಚಾಚಿ ಕೂತು ವಿಷಯ ಹೇಳಿದರು. ಸೊರಬದ ಡಾಕ್ಟರು ಒಳ್ಳೆಯವರು. ಆದರೆ ಈ ಕಾಲಿನಲ್ಲಿ ಹಳ್ಳಿ ತಿರುಗುವುದು ಆಗದು, ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಹಾಕುತ್ತೇನೆ ಎಂದಿದ್ದರು.

"ಚೀಟಿ ಬರಿಯಾಕ ಯಾರಾದ್ರೂ ಸಿಗ್ತಾರ ಸಾಬ್ರೆ. ಚಂದ್ರಗುತ್ತಿ ಗುಡ್ಡದ ಆಚೆ ಕೇರಿಗೆ ಯಾರು ಹೋಗ್ತಾರ? ನನ್ನ ಮಾರಿ ಕಂಡ್ರ ಅಲ್ಲಿ ಬಾಗಿಲಾದ್ರೂ ತಗೀತಾರ. ಹೊಸಬ್ರು ಹೋದ್ರ ಮಕ್ಕಳ್ನ ಕಾಡಿಗೆ ಓಡಿಸ್ತಾರ."

"ಆದ್ರೆ ಅಣ್ಣಾ, ಒಂದೇ ಕಾಲಾಗೆ ಏರು ತುಳಿಯೋದು ಹೆಂಗೆ?"

"ಅದಕ್ಕ ಇದನ್ನ ತಂದೀನಿ. ಗೇರಿಂದು. ಆ ಎಂಜಿನಿಯರು ಗುಡ್ಡ ಏರುವಾಗ ಒಂದು ಕಡ್ಡಿ ಎಳೀತಿದ್ನಂತ, ಪೆಡ್ಲು ಹಗುರ ಆಗ್ತಿತ್ತಂತ. ಮಾವ ಕಣ್ಣಾರೆ ನೋಡ್ಯಾನ."

ಸರಪಳಿ ಸಣ್ಣ ಹಲ್ಲುಗಾಲಿಯ ಮೇಲಿದ್ದರೆ ಬಯಲಿನಲ್ಲಿ ಸೈಕಲ್ಲು ಬಿರುಸಾಗಿ ಓಡುತ್ತದೆ, ದೊಡ್ಡದರ ಮೇಲಿದ್ದರೆ ಏರಿನಲ್ಲಿ ನಿಧಾನವಾದರೂ ಹಗುರ. ಅಷ್ಟು ನನಗೆ ಗೊತ್ತಿತ್ತು. ಆದರೆ ಅಂಥದ್ದನ್ನು ಬಿಚ್ಚಿ ಕಟ್ಟಿದವನಲ್ಲ. ನಾನು ತುಕ್ಕು ಕೆರೆಯುತ್ತ ನಿಂತಿದ್ದುದನ್ನು ನೋಡಿ ಗೌರಮ್ಮ, "ಆಗದಿದ್ರ ಆಗಲ್ಲ ಅಂತ ಈಗ್ಲೇ ಹೇಳ್ರಿ. ಇವ್ರಿಗೆ ಆಸಿ ಹಚ್ಚಬ್ಯಾಡ್ರಿ," ಎಂದರು.

"ನೋಡೋಣ ಅಮ್ಮಾ," ಎಂದೆ. ರುದ್ರಪ್ಪನವರಿಗೆ ಅಷ್ಟೇ ಸಾಕಾಯಿತು. ಅವತ್ತೇ ಒಂದು ಸ್ಪ್ಯಾನರ್ ಕೈಗೆ ತೆಗೆದುಕೊಂಡರು.

ಆಮೇಲೆ ಬಿಡುವಿದ್ದಾಗಲೆಲ್ಲ ಸೊರಬದಿಂದ ಬಸ್ಸು ಹತ್ತಿ ಬರುತ್ತಿದ್ದರು. ಬಂದವರು ಕೂತು ನೋಡುವ ಜನವಲ್ಲ. ಗೋಣಿ ಹಾಸಿ, ಎಡಗಾಲು ಮುಂದಕ್ಕೆ ಚಾಚಿ, ಕೊಟ್ಟ ಕೆಲಸ ಹಿಡಿಯುತ್ತಿದ್ದರು. ಪೆಡ್ಲಿನ ಕೈಗಳನ್ನು ಅಚ್ಚಿಗೆ ಬಿಗಿದ ಗೂಟಗಳು ತುಕ್ಕು ಹಿಡಿದು ಕಬ್ಬಿಣದೊಳಗೇ ಬೆಳೆದುಬಿಟ್ಟಿದ್ದವು. ಸೀಮೆಎಣ್ಣೆ ಬಿಟ್ಟು, ಕಾಯಿಸಿ, ಬಡಿದು ಒಂದನ್ನು ತೆಗೆದೆ. ಇನ್ನೊಂದನ್ನು ಕೊರೆದೇ ತೆಗೆಯಬೇಕಾಯಿತು. ಅಚ್ಚಿನ ಸುತ್ತಲಿನ ಗುಂಡುಗಳು ಪುಡಿಯಾಗಿದ್ದವು. ಅಚ್ಚು ಮಾತ್ರ ಕನ್ನಡಿಯ ಹಾಗೆ ಉಳಿದಿತ್ತು. ಹೊಸ ಗುಂಡು, ಹೊಸ ಗ್ರೀಸು ಹಾಕಿ ಕೂರಿಸಿದೆ. ಮೂರು ಹಲ್ಲುಗಾಲಿಗಳಿದ್ದ ಫ್ರೀವೀಲನ್ನು ರುದ್ರಪ್ಪನವರು ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲಿನಿಂದ ಹಲ್ಲಿಗೆ ಬಟ್ಟೆ ಎಳೆದು ತಿಕ್ಕಿದರು. ಒಂದು ದಿನ ಅದು ಕೈಯಲ್ಲಿ ಟಿಕಟಿಕ ಎಂದು ತಿರುಗಿತು. ಬಸ್ಸಿಗೆ ಹೊತ್ತಾಗುವ ತನಕ ಅದನ್ನು ತಿರುಗಿಸುತ್ತಲೇ ಕೂತಿದ್ದರು.

ಮನೆಗೆ ಹೋದಾಗ ಕೈಯ ಎಣ್ಣೆ ಕಂಬಳಿಗೂ ತಟ್ಟೆಗೂ ಹತ್ತುತ್ತಿತ್ತಂತೆ. ಗೌರಮ್ಮ ಮುಂದಿನ ಸಲ ಬಂದಾಗ ಸೀಗೆಪುಡಿಯ ಡಬ್ಬಿಯನ್ನು ತಂದು ನನ್ನ ಅಂಗಡಿಯ ಗೂಡಿನಲ್ಲಿ ಇಟ್ಟರು. "ಇಲ್ಲೇ ತೊಳಕೊಂಡು ಬರಬೇಕು. ಸೈಕಲ್ಲಿನ ಕೂಡ ಸಂಸಾರ ಮಾಡೂದಾದ್ರ ಇಲ್ಲೇ ಇರ್ರಿ ಅಂತ ಹೇಳೀನಿ." ಹೀಗೆ ಹೇಳಿದ ಹೆಂಗಸೇ ತನ್ನ ಕೊಡೆಯನ್ನು ಮುರಿದು ಕೊಟ್ಟರು. ಸರಪಳಿಯನ್ನು ಬಿಗಿಯಾಗಿ ಹಿಡಿದು ಅತ್ತಿತ್ತ ಸರಿಸುವ ಕೆಳಗಿನ ತೋಳಿನ ಸ್ಪ್ರಿಂಗು ಸತ್ತುಹೋಗಿತ್ತು. ಅದಕ್ಕೆ ಸರಿಯಾದ ತಂತಿ ಶಿಕಾರಿಪುರದಲ್ಲೂ ಸಿಗಲಿಲ್ಲ. ನಾನು ಕೊಡೆಯ ಕಡ್ಡಿಯ ತಂತಿ ಆದೀತು ಎಂದದ್ದೇ ತಡ, ಗೌರಮ್ಮ ಬಗಲಿನಲ್ಲಿದ್ದ ಕೊಡೆಯನ್ನು ಬಿಚ್ಚಿ ಬಟ್ಟೆ ಹರಿದರು. "ಮಳಿಗಾಲ ಇನ್ನೂ ದೂರ ಐತಿ," ಎಂದರು.

ಆ ತಂತಿಯನ್ನು ಮೊಳೆಗೆ ಸುತ್ತಿ ಸ್ಪ್ರಿಂಗು ಮಾಡಿದೆ. ಹೊಸ ಸರಪಳಿ ಹಾಕಿದೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ತಿರುಗಿಸಿದೆವು. ಗೇರು ಬದಲಿಸುವ ಕಡ್ಡಿ, ಎಂದರೆ ಲಿವರ್, ಎಳೆದ ಕೂಡಲೇ ಸರಪಳಿ ದೊಡ್ಡ ಹಲ್ಲುಗಾಲಿಯನ್ನೂ ದಾಟಿ ಚಕ್ರದ ಕಡ್ಡಿಗಳ ಸಂದಿಗೆ ಬಿತ್ತು. ಲಿವರಿನಿಂದ ತೋಳಿಗೆ ಬರುವ ತಂತಿಯನ್ನು ಸಡಿಲ ಮಾಡಿದರೆ ನಡುವೆ ಸಿಕ್ಕಿಕೊಂಡು ಕಟಕಟ ಎನ್ನುತ್ತಿತ್ತು. ನಡುವಿನ ಹಲ್ಲುಗಾಲಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ನಾನು ತಂತಿಯನ್ನು ಬಿಗಿ ಮಾಡುವುದು, ಸಡಿಲ ಮಾಡುವುದು. ರುದ್ರಪ್ಪನವರು ಪೆಡ್ಲು ತಿರುಗಿಸುವುದು. ಎರಡು ಸಂತೆ ಅದರಲ್ಲೇ ಕಳೆಯಿತು. ನನಗೆ ಬೇಸರ ಬಂದು ಪಕ್ಕಕ್ಕಿಟ್ಟರೆ ಅವರು, "ಇನ್ನೊಂದ್ ಸಲ ಸಾಬ್ರೆ," ಎನ್ನುತ್ತಿದ್ದರು. ದನಿ ಏರಿಸುತ್ತಿರಲಿಲ್ಲ, ಕೇಳಿಕೊಳ್ಳುತ್ತಲೂ ಇರಲಿಲ್ಲ. ಇನ್ನೊಂದು ಸಲ ಮಾಡುವುದು ಮೊದಲೇ ತೀರ್ಮಾನವಾಗಿದೆ ಎನ್ನುವ ಧಾಟಿ.

ಕೊನೆಗೆ ನಾನು ಪೆಡ್ಲಿನ ಹಲ್ಲುಗಾಲಿಯಿಂದ ಹಿಂದಕ್ಕೆ ಒಂದು ದಾರ ಕಟ್ಟಿ ನೋಡಿದೆ. ತಪ್ಪು ತಂತಿಯಲ್ಲಿರಲಿಲ್ಲ. ಸೈಕಲ್ಲು ಯಾವತ್ತೋ ಸರಪಳಿಯ ಮಗ್ಗುಲಿಗೆ ಬಿದ್ದು ತೋಳು ಒಳಕ್ಕೆ ಬಾಗಿತ್ತು. ಅದನ್ನು ನನ್ನ ಹಳೆಯ ಇಕ್ಕಳದಲ್ಲಿ ಹಿಡಿದು, ಸ್ವಲ್ಪ ಸ್ವಲ್ಪವೇ ಹೊರಕ್ಕೆ ಬಗ್ಗಿಸಿ, ದಾರಕ್ಕೆ ಸರಿಯಾಗಿ ತಂದೆ. ನಡುವಿನ ಹಲ್ಲುಗಾಲಿಯ ಹಲ್ಲುಗಳು ಸವೆದು ಕೊಕ್ಕೆಯಾಗಿದ್ದವು. ಅವುಗಳ ತುದಿಯನ್ನು ರುದ್ರಪ್ಪನವರು ಅರದಿಂದ ಉಜ್ಜಿದರು. ಸರಪಳಿಯಿಂದ ಒಂದು ಕೊಂಡಿ ತೆಗೆದೆ. ಆಮೇಲೆ ಲಿವರ್ ಎಳೆದಾಗ ಸರಪಳಿ ಒಂದರಿಂದ ಇನ್ನೊಂದಕ್ಕೆ ಹತ್ತಿ, ಸದ್ದಿಲ್ಲದೆ ಓಡತೊಡಗಿತು. ರುದ್ರಪ್ಪನವರು ಮೇಲೆ, ಕೆಳಗೆ, ಮತ್ತೆ ಮೇಲೆ ಸರಿಸಿ ನೋಡಿದರು. "ಈಗ ಇದು ಹೇಳಿದ ಮಾತು ಕೇಳ್ತದ," ಎಂದರು.

ಸೈಕಲ್ಲು ಕೇಳುತ್ತಿತ್ತು, ಕಾಲು ಕೇಳಬೇಕಲ್ಲ. ಬೀದಿಯಲ್ಲಿ ಹತ್ತಿ ನೋಡಿದಾಗ ಎಡಗಡೆಯ ಪೆಡ್ಲು ಮೇಲೆ ಬಂದ ಕೂಡಲೇ ಮೊಣಕಾಲು ಮಡಿಯದೆ ಸೊಂಟವೇ ಎದ್ದುಬಿಡುತ್ತಿತ್ತು. ಸಂತೆಯ ಮೈದಾನದ ಸುತ್ತ ಹೋಗಿ ಬರುವಷ್ಟರಲ್ಲಿ ಅವರ ಮುಖ ಬೆವರಿ ಕಪ್ಪಾಗಿತ್ತು. ಇಳಿದವರು, "ಕಾಲು ಮ್ಯಾಲೆ ಬರಾಕ ಒಲ್ಲದು. ಪೆಡ್ಲನ್ನ ಕೆಳಗ ತರಾಕ ಬರ್ತದೇನು?" ಎಂದು ಕೇಳಿದರು.

ಅದೇ ದಾರಿ. ಎಡಗಡೆಯ ಕ್ರ್ಯಾಂಕು, ಎಂದರೆ ಪೆಡ್ಲನ್ನು ಹಿಡಿದಿರುವ ಕಬ್ಬಿಣದ ಕೈ, ಗಿಡ್ಡವಾದರೆ ಪೆಡ್ಲು ಸಣ್ಣ ಸುತ್ತು ಹೊಡೆಯುತ್ತದೆ. ಮೊಣಕಾಲು ಅಷ್ಟು ಮಡಿಯಬೇಕಾಗಿಲ್ಲ. ಎಡಗಾಲಿಗೆ ಬಲ ಕಡಿಮೆ ಸಿಗುತ್ತದೆ, ಬಲಗಾಲೇ ಎಳೆಯಬೇಕು, ಅದಕ್ಕೆ ಹಗುರ ಗೇರಿದೆ. ನಾನು ಕ್ರ್ಯಾಂಕನ್ನು ನಡುವೆ ಕತ್ತರಿಸಿ, ಒಂದು ತುಂಡು ತೆಗೆದು, ಉಳಿದೆರಡನ್ನು ಹಿತ್ತಾಳೆಯ ಬೆಸುಗೆ ಹಾಕಿ ಕೂಡಿಸಿದೆ. ರುದ್ರಪ್ಪನವರು ಶಿರಾಳಕೊಪ್ಪದಿಂದ ಸೊರಬಕ್ಕೆ ಅದನ್ನೇ ತುಳಿದುಕೊಂಡು ಹೋದರು. ಹೋಗುವಾಗ ತಿರುಗಿ ನೋಡಲಿಲ್ಲ. ನಾನು ಬೀದಿಯಲ್ಲೇ ನಿಂತು ನೋಡುತ್ತಿದ್ದೆ.

ಮರುದಿನವೇ ಬಸ್ಸಿನಲ್ಲಿ ವಾಪಸ್ಸು ಬಂದರು. ಗದ್ದಕ್ಕೆ ಪಟ್ಟಿ. ಕರವಸ್ತ್ರ ಬಿಚ್ಚಿ ಕ್ರ್ಯಾಂಕಿನ ಎರಡು ತುಂಡುಗಳನ್ನು ನನ್ನ ಮುಂದಿಟ್ಟರು. ಸೊರಬದ ಹತ್ತಿರದ ಏರಿನಲ್ಲಿ ಬೆಸುಗೆ ಬಿಟ್ಟು ಮುಗ್ಗರಿಸಿದ್ದರು.

"ಮುರಿದದ್ದು ಚಲೋ ಆತು," ಎಂದರು. "ಎಲ್ಲಿ ಮುರೀತದ ಅಂತ ಗೊತ್ತಾತು. ಗೊತ್ತಿಲ್ದ ಮುರಿಯೂದಾಗಿದ್ರ ಕಾಡಿನ ನಡುವ ಮುರೀತಿತ್ತು. ಬೆಸುಗಿ ಬ್ಯಾಡ ಸಾಬ್ರೆ. ಒಂದೇ ಕಬ್ಬಿಣ ಆಗಬೇಕು."

ಆಗ ನಾವು ಕಮ್ಮಾರ ಮಂಜಾಚಾರಿಯ ಕುಲುಮೆಗೆ ಹೋದೆವು. ಗುದ್ದಲಿ, ನೇಗಿಲಿನ ಗುಳ ಮಾಡುವ ಮನುಷ್ಯ. ಮಾತು ಕಡಿಮೆ. ನಾನು ತಂದ ಇನ್ನೊಂದು ಹಳೆಯ ಕ್ರ್ಯಾಂಕನ್ನು ಕೈಯಲ್ಲಿ ತೂಗಿ ನೋಡಿ, "ಕೊಯ್ದು, ತುದೀನ ಕೆಂಪಗೆ ಕಾಸಿ ಒಳಕ್ಕೆ ಹೊಡೀತೀನಿ. ದಪ್ಪ ಆಕ್ಕತಿ. ಅಲ್ಲಿ ತೂತು ಕೊರಕೊಳ್ರಿ. ಮರಿ ನೀವು ಹಾಕೋಬೇಕು, ನನ್ ತಾವ ಇಲ್ಲ," ಎಂದ. ಮರಿ ಎಂದರೆ ಪೆಡ್ಲು ತಿರುಗಿ ಕೂರುವ ತಿರುಪಿನ ಗೆರೆಗಳು. ಎಡಪೆಡ್ಲಿನ ಮರಿ ಉಲ್ಟಾ ತಿರುಗುತ್ತದೆ. ಉಲ್ಟಾ ಮರಿ ಕೊರೆಯುವ ಸಾಮಾನು ಶಿರಾಳಕೊಪ್ಪದಲ್ಲೂ ಇರಲಿಲ್ಲ, ಶಿಕಾರಿಪುರದ ಅಕ್ಕಿಗಿರಣಿಯಲ್ಲೂ ಇರಲಿಲ್ಲ.

ಕುಲುಮೆಯ ಕಟ್ಟೆಯಲ್ಲಿ ಕೂತು ಯೋಚಿಸಿದೆವು. ನನ್ನ ಗುಜರಿಯಲ್ಲಿ ಒಂದು ಎಡಪೆಡ್ಲಿನ ಗಟ್ಟಿ ಅಚ್ಚಿತ್ತು. ಅದರ ಮೇಲೆ ಉಲ್ಟಾ ಮರಿ ಇದ್ದೇ ಇದೆ. ಉದ್ದಕ್ಕೆ ಕಾಲುವೆಯಂಥ ಗೀರು ತೋಡಿ, ಅಂಚು ಹರಿತ ಮಾಡಿ, ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದೇ ಕೊರೆಯುವ ಸಾಮಾನಾಗುತ್ತದಲ್ಲ ಎಂದು ನನಗೆ ಹೊಳೆಯಿತು. ಹೇಳಿದೆ. ಮಂಜಾಚಾರಿ ತಲೆಯಾಡಿಸಿದ. ಗೀರು ತೋಡುವ ಅರ ಹಿಡಿದವರು ರುದ್ರಪ್ಪನವರು. ಒಂದು ಕಡೆ ಹೆಚ್ಚು ತೋಡಿ ಅಚ್ಚು ಕೆಟ್ಟಿತು. ಇನ್ನೊಂದು ಹುಡುಕಿ ಕೊಟ್ಟೆ. ಅದರಲ್ಲಿ ಕೈ ಕುದುರಿತು. ಕೆಂಪಗೆ ಕಾದ ಅಚ್ಚು ಎಣ್ಣೆಗೆ ಬಿದ್ದು ಹೊಗೆ ಎದ್ದಾಗ ಮೂವರೂ ಕೆಮ್ಮುತ್ತ ಹೊರಗೆ ಓಡಿದೆವು. ಆಮೇಲೆ ನಾನು ಕ್ರ್ಯಾಂಕಿನ ದಪ್ಪ ತುದಿಯಲ್ಲಿ ತೂತು ಕೊರೆದು, ಆ ಅಚ್ಚನ್ನು ಎಣ್ಣೆ ಹಾಕುತ್ತ ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿದೆ. ಪೆಡ್ಲು ಕೂತಿತು. ಮೋಟು ಕ್ರ್ಯಾಂಕು ನೋಡಲು ಕುರೂಪವಾಗಿತ್ತು. ಬಲಗಡೆಯದು ತೆಳ್ಳಗೆ ಉದ್ದ, ಎಡಗಡೆಯದು ಗಿಡ್ಡ ಬಡಿಗೆ. ಮಂಜಾಚಾರಿ ಅದನ್ನು ಕುಲುಮೆಯ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಲವಾಗಿ ಹೊಡೆದ. ಏನೂ ಆಗಲಿಲ್ಲ. "ಇನ್ನು ಒಯ್ರಿ," ಎಂದ.

ಅಷ್ಟರಲ್ಲಿ ಸುದ್ದಿ ಬಂದಿತ್ತು. ಚಂದ್ರಗುತ್ತಿಯ ಆಚೆ, ಗುಡ್ಡದ ಓರೆಯಲ್ಲಿರುವ ಒಂದು ಕೇರಿಯಲ್ಲಿ ಸಿಡುಬು ಕಾಣಿಸಿತ್ತು. ಲಸಿಕೆ ಶಿವಮೊಗ್ಗದಿಂದ ಸೊರಬಕ್ಕೆ ಬಸ್ಸಿನಲ್ಲಿ ಬರುತ್ತಿತ್ತು. ಬಿಸಿಲು ತಾಗಿದರೆ ಅದು ಕೆಟ್ಟುಹೋಗುತ್ತದೆ. ಆ ದಿನಗಳಲ್ಲಿ ಕೇರಿಯ ತನಕ ಬಸ್ಸಿರಲಿಲ್ಲ, ನಡೆದರೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಡಾಕ್ಟರು ಎತ್ತಿನ ಗಾಡಿಗೆ ಹೇಳುವುದರಲ್ಲಿದ್ದರು. ರುದ್ರಪ್ಪನವರು ಅವರ ಮುಂದೆ ಹೋಗಿ ನಿಂತರಂತೆ.

ಅದನ್ನು ಆಮೇಲೆ ಡಾಕ್ಟರೇ ನನಗೆ ಹೇಳಿದರು. ಅವರು ಮೈಸೂರಿನ ಕಡೆಯವರು. "'ನೋಡಿ ರುದ್ರಪ್ಪ, ದಾರಿಯಲ್ಲಿ ನಿಮ್ಮ ಕಾಲು ಕೈಕೊಟ್ಟರೆ ಲಸಿಕೆಯೂ ಹೋಯಿತು, ನೀವೂ ಹೋದಿರಿ' ಎಂದೆ. ಅದಕ್ಕೆ ಅವರು, 'ಹೋಗಿ ಬರ್ತೀನಿ ಸಾರ್, ಬಂದ ಮೇಲೆ ಬೇಕಾದರೆ ಚೀಟಿ ಬರೀತೀನಿ' ಎಂದರು."

ನನಗೆ ಹೇಳಿಕಳಿಸಿರಲಿಲ್ಲ. ಹೊಸ ಕ್ರ್ಯಾಂಕು ನಿಲ್ಲುತ್ತದೋ ಇಲ್ಲವೋ ನೋಡಬೇಕೆಂದು ನಾನೇ ಹಿಂದಿನ ದಿನ ಸೊರಬಕ್ಕೆ ಹೋಗಿದ್ದೆ. ರುದ್ರಪ್ಪನವರ ಮನೆಯಲ್ಲೇ ಉಂಡು ಮಲಗಿದೆ. ಬೆಳಗಿನ ಮಂಜಿನಲ್ಲಿ ಹೊರಟೆವು. ಲಸಿಕೆಯ ಗಾಜಿನ ನಳಿಗೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸಣ್ಣ ಮಣ್ಣಿನ ಗಡಿಗೆಯಲ್ಲಿಟ್ಟು, ಗೌರಮ್ಮ ಅದನ್ನು ಗಂಡನ ಬೆನ್ನಿಗೆ ಕೂಸನ್ನು ಕಟ್ಟಿದ ಹಾಗೆ ಸೀರೆಯ ತುಂಡಿನಲ್ಲಿ ಕಟ್ಟಿದರು. ನಾನು ನನ್ನ ದೊಡ್ಡ ಸೈಕಲ್ಲಿನಲ್ಲಿ, ಸ್ಪ್ಯಾನರ್ ಚೀಲ ಹ್ಯಾಂಡಲ್ಲಿಗೆ ನೇತು ಹಾಕಿಕೊಂಡು ಹಿಂದೆ.

ಬಯಲಿನಲ್ಲಿ ಅವರು ನನಗೆ ಸಿಗಲಿಲ್ಲ. ಸರಪಳಿ ಸಣ್ಣ ಹಲ್ಲುಗಾಲಿಯ ಮೇಲಿತ್ತು. ಬಲಗಾಲು ಎಳೆಯುವುದು, ಎಡಗಾಲು ತನ್ನ ಸಣ್ಣ ಸುತ್ತು ಹೊಡೆಯುವುದು. ದೂರದಿಂದ ನೋಡಿದರೆ ಒಂದು ಭುಜ ಮಾತ್ರ ಕುಣಿಯುತ್ತಿರುವಂತೆ ಕಾಣುತ್ತಿತ್ತು. ಕೆರೆಯ ಏರಿ ದಾಟಿದ ಮೇಲೆ ದಾರಿ ಕೆಟ್ಟಿತು. ಜಲ್ಲಿಗೆ ಸರಪಳಿ ಒಮ್ಮೆ ಜಿಗಿಯಿತು. ಇಳಿದು ತಂತಿಯನ್ನು ತುಸು ಬಿಗಿ ಮಾಡಿ ಕೊಟ್ಟೆ. ನಿಂತಷ್ಟು ಹೊತ್ತೂ ಅವರು ಸೂರ್ಯ ಎಲ್ಲಿಗೆ ಬಂದ ಎಂದು ನೋಡುತ್ತಿದ್ದರು.

ಚಂದ್ರಗುತ್ತಿಯ ಗುಡ್ಡ ಎದುರಾದಾಗ, ಏರು ಇನ್ನೂ ದೂರವಿರುವಾಗಲೇ, ಅವರು ಬಗ್ಗಿ ಲಿವರ್ ಎಳೆದರು. ಏರು ಹತ್ತಿದ ಮೇಲೆ ಎಳೆದರೆ ಭಾರಕ್ಕೆ ಸರಪಳಿ ಬರುವುದಿಲ್ಲ, ಅದಕ್ಕೂ ಮೊದಲೇ ಕಾಲನ್ನು ಹಗುರ ಬಿಟ್ಟು ಎಳೆಯಬೇಕು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಸಂತೆ ಮೈದಾನದಲ್ಲಿ ಬಿದ್ದು ಎದ್ದು ಅವರೇ ಕಲಿತಿದ್ದರು. ಸರಪಳಿ ದೊಡ್ಡ ಹಲ್ಲುಗಾಲಿಗೆ ಹತ್ತಿತು. ಏರು ಶುರುವಾಯಿತು. ನಾನು ಎದ್ದು ನಿಂತು ತುಳಿದೆ. ಸ್ವಲ್ಪ ದೂರ ಹೋಗಿ ಎದೆ ಕಟ್ಟಿ ಇಳಿದು ತಳ್ಳತೊಡಗಿದೆ. ರುದ್ರಪ್ಪನವರು ಇಳಿಯಲಿಲ್ಲ. ನಡೆಯುವ ಮನುಷ್ಯನಿಗಿಂತ ಸ್ವಲ್ಪವೇ ವೇಗ. ಬಲಗಾಲು ಕೆಳಕ್ಕೆ ಹೋದಾಗ ಸೈಕಲ್ಲು ಮುಂದೆ ಸರಿಯುವುದು, ಎಡದ ಸರದಿಗೆ ನಿಂತೇ ಹೋಯಿತೇನೋ ಅನ್ನಿಸುವುದು, ಮತ್ತೆ ಬಲಗಾಲು ಹಿಡಿದುಕೊಳ್ಳುವುದು. ಅವರ ಉಸಿರು ನನಗೆ ಕೇಳುತ್ತಿತ್ತು. ತಿರುವಿನಲ್ಲಿ ಚಕ್ರ ಜಾರಿ ಸೈಕಲ್ಲು ವಾಲಿತು; ನಾನು ಹಿಡಿಯಲು ಓಡಿದೆ.

"ಮುಟ್ಟಬ್ಯಾಡ್ರಿ ಸಾಬ್ರೆ," ಎಂದರು, ಹಲ್ಲು ಕಚ್ಚಿಕೊಂಡೇ. ನಾನು ಕೈ ತೆಗೆದೆ. ಅವರು ನೆಟ್ಟಗಾಗಿ ಮತ್ತೆ ತುಳಿದರು.

ಗುಡ್ಡದ ಓರೆಯ ಕೇರಿ ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಗಡಿಗೆಯ ಬಟ್ಟೆ ಒದ್ದೆಯಾಗಿಯೇ ಇತ್ತು. ಮೊದಲ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಅಲ್ಲಿ ಒಂದು ಮಗು ತೀರಿಕೊಂಡಿತ್ತು. ರುದ್ರಪ್ಪನವರು ಸೈಕಲ್ಲು ಒರಗಿಸಿ, ಆ ಮನೆಯ ಜಗುಲಿಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಮಗುವಿನ ಅಜ್ಜಿ ಹೊರಗೆ ಬಂದು ಇವರನ್ನು ಗುರುತು ಹಿಡಿದಳು.

"ಅಮ್ಮ ಬಂದಾಳೆ ಮಾರಾಯ್ರೆ. ಅವ್ಳು ಬಂದ ಮನೇಲಿ ಮುಳ್ಳು ಚುಚ್ಚೂಕೆ ಆಗ್ತದಾ? ಅವ್ಳಿಗೆ ಸಿಟ್ಟು ಬರೂದಿಲ್ವಾ?"

"ಬಂದಾಳ ಅಂದ್ರ ನಾನೂ ಕೈ ಮುಗೀತೀನಿ ಅಜ್ಜಿ," ಎಂದು ಅವರು ಬಾಗಿಲ ಕಡೆ ಕೈ ಮುಗಿದರು. "ಆಕಿ ಗುಡಿ ಇಲ್ಲೇ ಗುಡ್ಡದ ಮ್ಯಾಲ ಐತಿ. ಆಕಿಗೆ ಹಣ್ಣು ಕಾಯಿ ಒಯ್ಯೂ ಮಕ್ಕಳು ಉಳೀಬೇಕಲ್ಲ. ಅದಕ್ಕ ಬಂದೀನಿ." ತೋಳು ಮಡಿಸಿ, ಬಿಲ್ಲೆಯನ್ನು ತಮ್ಮ ಕೈಗೆ ಒತ್ತಿ ತಿರುಗಿಸಿದರು. ಅಜ್ಜಿ ಆ ಕಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ತನ್ನ ಕೈಯನ್ನೇ ಮೊದಲು ಚಾಚಿದಳು.

ದೊಡ್ಡವರು ಬಂದರು, ಮಕ್ಕಳು ಬರಲಿಲ್ಲ, ಬಿದಿರು ಮೆಳೆಯ ಹಿಂದೆ ನಿಂತಿದ್ದರು. ರುದ್ರಪ್ಪನವರು ನನಗೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಲು ಹೇಳಿದರು. ನಾನು ಪೆಡ್ಲು ತಿರುಗಿಸಿದೆ, ಲಿವರ್ ಎಳೆದೆ. ಸರಪಳಿ ಸಣ್ಣದರಿಂದ ದೊಡ್ಡದಕ್ಕೆ, ದೊಡ್ಡದರಿಂದ ಸಣ್ಣದಕ್ಕೆ ಹತ್ತಿ ಇಳಿಯತೊಡಗಿತು. ಮೊದಲು ಒಬ್ಬಳು ಹುಡುಗಿ ಬಂದಳು. ಆಮೇಲೆ ಎಲ್ಲರೂ ಬಂದು ಸುತ್ತ ಕೂತರು. ಯಾರು ಪೆಡ್ಲು ತಿರುಗಿಸುತ್ತಾರೋ ಅವರ ಇನ್ನೊಂದು ಕೈ ರುದ್ರಪ್ಪನವರ ಕೈಯಲ್ಲಿ. ಅಳು ಕೇಳುವಷ್ಟರಲ್ಲಿ ಮುಂದಿನವರು, "ಈಗ ನಂದು" ಎಂದು ತಳ್ಳಾಡುತ್ತಿದ್ದರು. ಗಡಿಗೆ ಖಾಲಿಯಾಗುವ ಹೊತ್ತಿಗೆ ಕೇರಿಯಲ್ಲಿ ಲಸಿಕೆ ಹಾಕದ ಕೈ ಉಳಿದಿರಲಿಲ್ಲ.

ವಾಪಸ್ಸು ಬರುವಾಗ ಇಳಿಜಾರಿನಲ್ಲಿ ಅವರು ನನ್ನ ಪಕ್ಕದಲ್ಲೇ ಬಂದರು. "ಆ ಕೂಸು ಹೋದದ್ದು ಹೋದ ವಾರ ಅಂತ," ಎಂದರು.

ಆ ಬೇಸಿಗೆಯಲ್ಲಿ ಸಿಡುಬು ಆ ಕೇರಿಯಿಂದ ಆಚೆಗೆ ದಾಟಲಿಲ್ಲ. ಚೀಟಿ ಬರೆಯುವ ಕೆಲಸದ ಮಾತನ್ನು ಡಾಕ್ಟರು ಮತ್ತೆ ಎತ್ತಲಿಲ್ಲ. ಗೇರಿನ ಸೈಕಲ್ಲು ರುದ್ರಪ್ಪನವರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೊತ್ತಿತು. ಮಳೆಗಾಲ ಮುಗಿದ ಮೇಲೆ ಅದನ್ನು ತಂದು ನನ್ನ ಮುಂದಿಡುತ್ತಿದ್ದರು. ಇಬ್ಬರೂ ಕೂತು ಬಿಚ್ಚುತ್ತಿದ್ದೆವು. ಸರಪಳಿ ಬದಲಾಯಿತು, ತಂತಿ ಬದಲಾಯಿತು, ಹಲ್ಲುಗಾಲಿಯ ಹಲ್ಲುಗಳು ಉಜ್ಜಿ ಉಜ್ಜಿ ಗಿಡ್ಡವಾದವು. ಮಂಜಾಚಾರಿಯ ಮೋಟು ಕ್ರ್ಯಾಂಕನ್ನು ಮಾತ್ರ ನಾವು ಮುಟ್ಟಲಿಲ್ಲ. ಇಲಾಖೆಗೆ ಜೀಪು ಬಂದ ಮೇಲೆ ಅವರನ್ನೂ ಅದರಲ್ಲಿ ಕರೆದೊಯ್ಯುತ್ತಿದ್ದರು. "ಜೀಪು ನಿಲ್ಲೂ ಜಾಗದಾಗ ಮನಿ ಇರಂಗಿಲ್ಲ," ಎಂದು ಗೊಣಗಿ, ಸೈಕಲ್ಲನ್ನು ಜೀಪಿನ ಹಿಂದೆ ಕಟ್ಟಿಸುತ್ತಿದ್ದರು. ಕೊನೆಗೆ ಚೌಕಟ್ಟೇ ಬಿರುಕು ಬಿಟ್ಟಿತು. ಆ ಹೊತ್ತಿಗೆ ಅವರು ನಿವೃತ್ತರಾಗಿ ಶಿಕಾರಿಪುರಕ್ಕೆ ಹೋಗಿದ್ದರು, ಹಳ್ಳಿಗಳಲ್ಲಿ ಸಿಡುಬೂ ಇಲ್ಲವಾಗಿತ್ತು.

ಅವರು ತೀರಿಕೊಂಡ ಸುದ್ದಿಯನ್ನು ಬಸ್ಸಿನ ಕಂಡಕ್ಟರ್ ತಂದ. ಅಂಗಡಿಗೆ ಬೀಗ ಹಾಕಿ ಅದೇ ಬಸ್ಸು ಹತ್ತಿದೆ.

ನಾನು ಹೋದಾಗ ಮನೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ. ಅವರ ಜನರಲ್ಲಿ ತೀರಿಕೊಂಡವರನ್ನು ಪದ್ಮಾಸನದಲ್ಲಿ ಕೂರಿಸಿಯೇ ಮಣ್ಣು ಮಾಡುತ್ತಾರೆ. ಬಲಗಾಲು ಮಡಿಸಿದ್ದರು. ಎಡಗಾಲು ಮುಂದಕ್ಕೆ ಚಾಚಿಕೊಂಡೇ ಇತ್ತು. ಕೊನೆಯ ವರ್ಷಗಳಲ್ಲಿ ಆ ಮೊಣಕಾಲು ಪೂರ್ತಿ ಗಟ್ಟಿಯಾಗಿತ್ತು. ಹಿರಿಯರು ಮಾತಾಡಿಕೊಳ್ಳುತ್ತಿದ್ದರು. ಸಮಾಧಿಯ ಕುಣಿಯನ್ನು ಆಗಲೇ ಅಳತೆಗೆ ತೋಡಿಯಾಗಿತ್ತು, ಕಾಲು ಹೀಗಿದ್ದರೆ ಹ್ಯಾಗೆ ಇಳಿಸುವುದು? ಒಬ್ಬರು, "ಬಿಸಿನೀರು ಹಾಕಿ ಸ್ವಲ್ಪ ಒತ್ತಿದ್ರ ಮಡೀತದ," ಎಂದು ಮುಂದೆ ಬಂದರು.

ಅದುವರೆಗೆ ಮೂಲೆಯಲ್ಲಿ ಕೂತಿದ್ದ ಗೌರಮ್ಮ ಎದ್ದರು.

"ಬ್ಯಾಡ್ರಿ. ಆ ಕಾಲು ಮಡಿಸಾಕ ಭಾಳ ಮಂದಿ ನೋಡ್ಯಾರ. ಅವ್ರನ್ನ ಹಂಗ ಬಿಡ್ರಿ. ಕುಣಿ ಅಗಲ ಮಾಡ್ರಿ."

ನಾನು ಗೌರಮ್ಮನ ಮುಖ ನೋಡಿದೆ. "ಹೋಗಪ್ಪ ದಾದಾಪೀರ್," ಎಂದರು.

ಹೊಲದ ಬದಿಯಲ್ಲಿ ಕುಣಿ ತೆಗೆದಿದ್ದರು. ನಾನು ಅಂಗಿ ಬಿಚ್ಚಿಟ್ಟು ಒಳಗಿಳಿದು, ಪಕ್ಕದವರಿಂದ ಗುದ್ದಲಿ ಇಸಿದುಕೊಂಡು ಮುಂದಿನ ಗೋಡೆಯನ್ನು ಕಡಿಯತೊಡಗಿದೆ. ಮಣ್ಣು ಗಟ್ಟಿಯಿತ್ತು, ನಡುವೆ ಜಂಬಿಟ್ಟಿಗೆಯ ಪದರ. ಇಬ್ಬರು ಮಣ್ಣು ಮೇಲಕ್ಕೆಳೆದರು. ಸಾಕು ಎಂದು ಮೇಲಿದ್ದವರು ಅಂದ ಮೇಲೂ ಇನ್ನಷ್ಟು ಕಡಿದು, ಅಡಿಯನ್ನು ಕೈಯಿಂದ ಸವರಿ ಮಟ್ಟ ಮಾಡಿದೆ.

ಅವರನ್ನು ಇಳಿಸಿ ಕೂರಿಸಿದರು. ಎಡಗಾಲು ನೆಟ್ಟಗೆ ಚಾಚಿ ನೆಲದ ಮೇಲೆ ಕೂತಿತು. ನಾನು ಬಗ್ಗಿ ನೋಡಿದೆ. ಪಾದ ಗೋಡೆಗೆ ತಾಗಿರಲಿಲ್ಲ. ನಡುವೆ ಒಂದು ಅಂಗೈ ಅಗಲದ ಜಾಗ ಉಳಿದಿತ್ತು.